ವಿಂಡೋಸ್ ಲೈಸೆನ್ಸ್ ಹೊಸ ಪಿಸಿಗೆ: ಹಳೆಯದನ್ನು ಬಿಚ್ಚುವ ಮೊದಲೇ ಮುಗಿಸಬೇಕಾದ ಕೆಲಸ

ಹಳೆಯ ಯಂತ್ರ ಅಸೆಂಬಲ್ ಮಾಡಿಸಿದ ಡೆಸ್ಕ್‌ಟಾಪ್: ಇಂಟೆಲ್ ಐ5-6500, ಎಚ್110 ಮದರ್‌ಬೋರ್ಡ್, 8 ಜಿಬಿ ರ್‍ಯಾಮ್, 240 ಜಿಬಿ ಸಾಟಾ ಎಸ್‌ಎಸ್‌ಡಿ, ಒಳಗೆ ವಿಂಡೋಸ್ 10 ಪ್ರೊ. ಹೊಸದು ರೈಜೆನ್ 5 5600ಜಿ, ಬಿ550 ಬೋರ್ಡ್, 16 ಜಿಬಿ ರ್‍ಯಾಮ್, 500 ಜಿಬಿ ಎನ್‌ವಿಎಂಇ ಡ್ರೈವ್. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಅಧಿಕೃತವಾಗಿ ಒಪ್ಪುವ ಇಂಟೆಲ್ ಪ್ರೊಸೆಸರ್‌ಗಳು, ಏಳನೇ ತಲೆಮಾರಿನ ಕೆಲವನ್ನು ಬಿಟ್ಟರೆ, ಎಂಟನೇ ತಲೆಮಾರಿನಿಂದ ಶುರು, ಐ5-6500 ಆರನೆಯದು. ಹಾಗಾಗಿ ಯಂತ್ರ ಬದಲಾಗಲೇಬೇಕು. ಲೈಸೆನ್ಸ್ ಮಾತ್ರ ಮತ್ತೆ ಕೊಳ್ಳಬೇಕಿಲ್ಲ. ವಿಂಡೋಸ್ 10 ಪ್ರೊ ರೀಟೇಲ್ ಕೀ (ಬಿಡಿಯಾಗಿ ಕೊಂಡ ವಿಂಡೋಸ್ ಜತೆ ಬರುವ 25 ಅಕ್ಷರದ ಸಂಕೇತ) ವಿಂಡೋಸ್ 11 ಪ್ರೊವನ್ನೂ ಆಕ್ಟಿವೇಟ್ ಮಾಡುತ್ತದೆ. ಬಾಕ್ಸ್‌ಗೆ ಹಿಂದೆ ಕೊಟ್ಟ ದುಡ್ಡು ಹಳೆಯ ಬೋರ್ಡಿನ ಜತೆ ಗುಜರಿಗೆ ಹೋಗಬಾರದು.

ಈ ಕೆಲಸದ ಮುಕ್ಕಾಲು ಪಾಲು ಹಳೆಯ ಯಂತ್ರದ ಮುಂದೆಯೇ ನಡೆಯುತ್ತದೆ. ಅದು ಬೂಟ್ ಆಗುತ್ತಿರುವಾಗ ಹತ್ತು ನಿಮಿಷದಲ್ಲಿ ಸಿಗುವ ಮಾಹಿತಿ, ಅದನ್ನು ಬಿಚ್ಚಿ ಎಸ್‌ಎಸ್‌ಡಿ ಫಾರ್ಮ್ಯಾಟ್ ಮಾಡಿದ ಮೇಲೆ ಸಿಗುವುದೇ ಇಲ್ಲ. ಹೊಸ ಪಿಸಿ ಜೋಡಿಸಿ, ಹಳೆಯದನ್ನು ಯಾರಿಗೋ ಕೊಟ್ಟು, ಆಮೇಲೆ ಕೀ ಹುಡುಕಲು ಕೂರುವವರೇ ಹೆಚ್ಚು. ದಯವಿಟ್ಟು ಆ ಕ್ರಮ ಬೇಡ.

ಕಮಾಂಡ್‌ಗಳನ್ನೂ ಎರರ್ ಕೋಡ್‌ಗಳನ್ನೂ ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದೆ. ಟೈಪ್ ಮಾಡುವಾಗ ಅದೇ ಉಚ್ಚಾರದ ಇಂಗ್ಲಿಷ್ ಅಕ್ಷರಗಳನ್ನು ಹಾಕಿ. ಓರೆಗೆರೆಗೆ ಮುಂಚೆ ಒಂದು ಸ್ಪೇಸ್ ಬಿಡಿ. ಎರರ್ ಕೋಡ್‌ಗಳ ಮುಂದೆ ಬರುವ 0ಎಕ್ಸ್ ಅನ್ನು ಬಿಟ್ಟು ಬರೆದಿದೆ.

ಲೈಸೆನ್ಸ್ ಬೋರ್ಡಿನದೋ, ಮಾಲೀಕರದೋ

ಹಳೆಯ ಯಂತ್ರದಲ್ಲಿ ಕಮಾಂಡ್ ಪ್ರಾಂಪ್ಟನ್ನು ಅಡ್ಮಿನಿಸ್ಟ್ರೇಟರ್ ಆಗಿ ತೆರೆದು ಎಸ್‌ಎಲ್‌ಎಂಜಿಆರ್ /ಡಿಎಲ್‌ಐ ಎಂದು ಕೊಟ್ಟರೆ ಕೆಲವು ಸೆಕೆಂಡಿನಲ್ಲಿ ಚಿಕ್ಕದೊಂದು ಕಿಟಕಿ ಬರುತ್ತದೆ. ಎಡಿಷನ್ ಹೆಸರು, ಅದರ ಕೆಳಗೆ ಚಾನೆಲ್ (ಲೈಸೆನ್ಸ್ ಯಾವ ಬಗೆಯ ಮಾರಾಟದಿಂದ ಬಂತು ಎಂಬುದು), ಕೀಯ ಕೊನೆಯ ಐದು ಅಕ್ಷರ, ಲೈಸೆನ್ಸ್ ಸ್ಥಿತಿ, ಇಷ್ಟೇ. ಇದರಲ್ಲಿ ಚಾನೆಲ್ ಸಾಲು ಮುಂದಿನ ಎಲ್ಲವನ್ನೂ ತೀರ್ಮಾನಿಸುತ್ತದೆ.

ಅಲ್ಲಿ ಒಇಎಂ_ಡಿಎಂ (ಒಇಎಂ ಅಂದರೆ ಯಂತ್ರ ತಯಾರಿಸುವವರ ಮೂಲಕ ಬಂದದ್ದು) ಎಂದಿದ್ದರೆ ಅದು ಬ್ರ್ಯಾಂಡೆಡ್ ಲ್ಯಾಪ್‌ಟಾಪ್ ಅಥವಾ ಡೆಸ್ಕ್‌ಟಾಪ್ ಜತೆ ಕಾರ್ಖಾನೆಯಿಂದಲೇ ಬಂದ ಲೈಸೆನ್ಸ್. 2012ರಲ್ಲಿ ವಿಂಡೋಸ್ 8 ಬಂದಂದಿನಿಂದ ತಯಾರಕರು ಕೀಯನ್ನು ಮದರ್‌ಬೋರ್ಡಿನ ಫರ್ಮ್‌ವೇರ್‌ನಲ್ಲಿ, ಎಂಎಸ್‌ಡಿಎಂ ಎಂಬ ಕೋಷ್ಟಕದೊಳಗೆ ಬರೆದಿಡುತ್ತಾರೆ. ಹಿಂದೆ ಲ್ಯಾಪ್‌ಟಾಪ್ ಅಡಿಯಲ್ಲಿ ಅಂಟಿಸುತ್ತಿದ್ದ ಕೀ ಸ್ಟಿಕರ್ ಈಗ ಕಾಣದಿರುವುದಕ್ಕೆ ಇದೇ ಕಾರಣ. ಈ ಲೈಸೆನ್ಸ್ ಆ ಯಂತ್ರದ ಜತೆಗೇ ಹುಟ್ಟಿ ಅದರ ಜತೆಗೇ ಹೋಗುತ್ತದೆ. ಲ್ಯಾಪ್‌ಟಾಪ್ ಮಾರಿದರೆ ಕೊಂಡವರಿಗೆ ಸೇರುತ್ತದೆ, ಇನ್ನೊಂದು ಯಂತ್ರಕ್ಕೆ ಒಯ್ಯಲು ಒಪ್ಪಂದದಲ್ಲಿ ಅವಕಾಶವಿಲ್ಲ.

ಒಇಎಂ_ಸಿಒಎ ಎಂದಿದ್ದರೆ ಅಂಗಡಿಯವರು ಪಿಸಿ ಜೋಡಿಸುವಾಗ ಹಾಕಿದ ಸಿಸ್ಟಂ ಬಿಲ್ಡರ್ ಪ್ಯಾಕ್ ಆಗಿರುವ ಸಾಧ್ಯತೆ ಹೆಚ್ಚು. ಕ್ಯಾಬಿನೆಟ್ ಪಕ್ಕದಲ್ಲಿ ಸ್ಟಿಕರ್ ಇರುತ್ತದೆ, ಬಿಲ್ಲಿನಲ್ಲಿ ವಿಂಡೋಸ್‌ಗೆ ಬೇರೆಯೇ ಸಾಲು ಇರುತ್ತದೆ. ಹಾಗಾಗಿ ಮಾಲೀಕರು ಇದನ್ನು ತಮ್ಮದೇ ಎಂದುಕೊಳ್ಳುತ್ತಾರೆ. ಆದರೆ ಇದೂ ಮೊದಲು ಹಾಕಿದ ಯಂತ್ರಕ್ಕೆ ಗಂಟುಬಿದ್ದ ಲೈಸೆನ್ಸೇ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಾಗಲಿ ನಿಮ್ಮೂರಿನ ಅಂಗಡಿಯಲ್ಲಾಗಲಿ ಪಿಸಿ ಜೋಡಿಸಿಕೊಳ್ಳುವಾಗ ವಿಂಡೋಸ್ ಒಇಎಂ ಪ್ಯಾಕೋ ರೀಟೇಲ್ ಬಾಕ್ಸೋ ಎಂದು ಕೇಳಿ ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಒಇಎಂ ಸ್ವಲ್ಪ ಅಗ್ಗ. ಬೋರ್ಡ್ ಬದಲಿಸುವ ದಿನ ಆ ಉಳಿತಾಯ ಉಳಿಯುವುದಿಲ್ಲ.

ವಾಲ್ಯೂಮ್_ಎಂಎಕೆ ಅಥವಾ ವಾಲ್ಯೂಮ್_ಕೆಎಂಎಸ್‌ಕ್ಲೈಂಟ್ ಕಂಡರೆ ಅದು ಕಚೇರಿಯ, ಕಾಲೇಜಿನ ಲೈಸೆನ್ಸ್. ಮನೆಯ ಪಿಸಿಯಲ್ಲಿ ಇದು ಕಂಡರೆ ಯಾರೋ ಅಗ್ಗದ ಕೀ ಮಾರಿದ್ದಾರೆ, ಇಲ್ಲವೇ ಆಕ್ಟಿವೇಟರ್ ಎಂಬ ಕಳ್ಳ ತಂತ್ರಾಂಶ ಓಡಿಸಿದ್ದಾರೆ ಎಂದರ್ಥ. ಎಸ್‌ಎಲ್‌ಎಂಜಿಆರ್ /ಎಕ್ಸ್‌ಪಿಆರ್ ಕೊಟ್ಟು ನೋಡಿದರೆ ಇನ್ನೂ ಸ್ಪಷ್ಟವಾಗುತ್ತದೆ: ರೀಟೇಲ್ ಆದರೆ ಶಾಶ್ವತವಾಗಿ ಆಕ್ಟಿವೇಟ್ ಆಗಿದೆ ಎನ್ನುತ್ತದೆ, ಕೆಎಂಎಸ್ ಆದರೆ ಗಡುವಿನ ದಿನಾಂಕ ತೋರಿಸುತ್ತದೆ. ಕೆಎಂಎಸ್ ಆಕ್ಟಿವೇಷನ್ 180 ದಿನ ನಡೆಯುತ್ತದೆ. ಅಷ್ಟರೊಳಗೆ ಯಂತ್ರ ಸಂಸ್ಥೆಯ ಸರ್ವರನ್ನು ಕಂಡು ನವೀಕರಿಸಿಕೊಳ್ಳಬೇಕು. ಇಂಥದ್ದರಲ್ಲಿ ಒಯ್ಯಲು ಏನೂ ಇಲ್ಲ.

ಉಳಿದದ್ದು ರೀಟೇಲ್. ಬಾಕ್ಸ್‌ನಲ್ಲಿ, ಕಾರ್ಡಿನಲ್ಲಿ ಅಥವಾ ಮೈಕ್ರೋಸಾಫ್ಟ್ ಸ್ಟೋರ್‌ನಲ್ಲಿ ಕೊಂಡದ್ದು. ಇದನ್ನು ನಿಮ್ಮದೇ ಇನ್ನೊಂದು ಯಂತ್ರಕ್ಕೆ ಒಯ್ಯಬಹುದು. ಷರತ್ತು ಒಂದೇ, ಹಳೆಯದರಿಂದ ತೆಗೆದಿರಬೇಕು. ಒಂದು ಲೈಸೆನ್ಸ್, ಒಂದು ಯಂತ್ರ.

ರೀಟೇಲ್ ಎಂದು ಕಂಡರೂ ನಂಬಬಾರದ ಸಂದರ್ಭ

ನಮ್ಮ ಹಳೆಯ ಯಂತ್ರದಲ್ಲಿ ಚಾನೆಲ್ ರೀಟೇಲ್ ಎಂದೇ ಬಂತು. ಆದರೆ ಕೀಯ ಕೊನೆಯ ಐದು ಅಕ್ಷರ 3ವಿ66ಟಿ. ಇದು ಯಾರೂ ಕೊಂಡ ಕೀ ಅಲ್ಲ. ಡಿಜಿಟಲ್ ಲೈಸೆನ್ಸ್‌ನಿಂದ (ಕೀ ಕೇಳದೆ, ಸರ್ವರ್‌ನಲ್ಲಿರುವ ಬೋರ್ಡಿನ ದಾಖಲೆ ನೋಡಿಯೇ ಸಿಗುವ ಒಪ್ಪಿಗೆ) ಆಕ್ಟಿವೇಟ್ ಆದ ಪ್ರೊ ಯಂತ್ರಗಳಲ್ಲೆಲ್ಲ ವಿಂಡೋಸ್ ತಾನೇ ಹಾಕಿಕೊಳ್ಳುವ ಸಾಮಾನ್ಯ ಕೀ. ಹೋಮ್‌ನಲ್ಲಾದರೆ ಕೊನೆಯ ಐದು 8ಎಚ್‌ವಿಎಕ್ಸ್7. ಈ ಸಾಮಾನ್ಯ ಕೀಗಳು ರೀಟೇಲ್ ಚಾನೆಲ್‌ಗೇ ಸೇರಿದ್ದರಿಂದ ಪರದೆಯ ಮೇಲೆ ರೀಟೇಲ್ ಎಂದು ಕಾಣುತ್ತದೆ. ಹಿಂದಿರುವ ಲೈಸೆನ್ಸ್ ಒಇಎಂ ವಿಂಡೋಸ್ 7ರಿಂದ ಉಚಿತವಾಗಿ ಅಪ್‌ಗ್ರೇಡ್ ಆದದ್ದಾಗಿದ್ದರೂ ಇದೇ ಸಾಲು ಬರುತ್ತದೆ. ಅಪ್‌ಗ್ರೇಡ್ ಆದ ಮಾತ್ರಕ್ಕೆ ಒಇಎಂ ಲೈಸೆನ್ಸ್ ರೀಟೇಲ್ ಆಗುವುದಿಲ್ಲ, ಮೂಲದ ಗುಣವೇ ಉಳಿಯುತ್ತದೆ. ಸುಮಾರು ಜನ ಎಡವುವುದು ಇಲ್ಲೇ: ರೀಟೇಲ್ ಎಂಬ ಸಾಲು ನೋಡಿ ಬೋರ್ಡ್ ಬದಲಿಸುತ್ತಾರೆ, ಆಮೇಲೆ ಕೈಯಲ್ಲಿ ಕೀಯೂ ಇಲ್ಲ, ಹಕ್ಕೂ ಇಲ್ಲ.

ಈ ಯಂತ್ರದ ಮಟ್ಟಿಗೆ ಉತ್ತರ ಬೀರುವಿನಲ್ಲಿತ್ತು. ವಿಂಡೋಸ್ 10 ಪ್ರೊ ಬಾಕ್ಸ್, ಒಳಗೆ ಕೀ ಕಾರ್ಡ್, ಜತೆಗೆ ಬಿಲ್ಲು. ಮೊದಲು ಕಾರ್ಡಿನ ಕೀ ಹಾಕಿದ್ದಾರೆ. ಮುಂದೊಮ್ಮೆ ವಿಂಡೋಸ್ ಮತ್ತೆ ಹಾಕುವಾಗ ಕೀ ಕೇಳಿದಲ್ಲಿ ಇಲ್ಲ ಎಂದು ಒತ್ತಿದ್ದಾರೆ. ಸರ್ವರ್ ಬೋರ್ಡನ್ನು ಗುರುತಿಸಿ ತಾನೇ ಆಕ್ಟಿವೇಟ್ ಮಾಡಿದೆ. ಅದಕ್ಕೇ 3ವಿ66ಟಿ.

ಕಾರ್ಡಿನ ಕೀ ಇನ್ನೂ ಜೀವಂತವಾಗಿದೆಯೇ ಎಂದು ಪರೀಕ್ಷಿಸಲು ಸರಿಯಾದ ಜಾಗ ಹಳೆಯ ಯಂತ್ರವೇ. ಎಸ್‌ಎಲ್‌ಎಂಜಿಆರ್ /ಐಪಿಕೆ ಎಂದು ಬರೆದು ಮುಂದೆ ಅಡ್ಡಗೆರೆ ಸಮೇತ 25 ಅಕ್ಷರ ಕೊಡಿ. ಎಡಿಷನ್‌ಗೆ ಹೊಂದುವ ಕೀ ಆದರೆ ಒಪ್ಪುತ್ತದೆ. ಮತ್ತೆ /ಡಿಎಲ್‌ಐ ಕೊಟ್ಟು ನೋಡಿದರೆ ಚಾನೆಲ್ ಮತ್ತು ಕೊನೆಯ ಐದು ಅಕ್ಷರ ಈಗ ಕಾರ್ಡಿನದ್ದೇ. ಆಮೇಲೆ ಎಸ್‌ಎಲ್‌ಎಂಜಿಆರ್ /ಎಟಿಒ ಕೊಟ್ಟರೆ ಸರ್ವರ್ ಅದನ್ನು ಒಪ್ಪುತ್ತದೋ ಇಲ್ಲವೋ ತಿಳಿಯುತ್ತದೆ. ಕೀ ತಡೆಹಿಡಿದಿದ್ದರೆ ಸಿ004ಸಿ003 ಎಂಬ ಕೋಡ್ ಇಲ್ಲೇ ಬಂದುಬಿಡುತ್ತದೆ. ಹೊಸ ಯಂತ್ರ ಜೋಡಿಸಿದ ಮೇಲೆ ಗೊತ್ತಾಗುವುದಕ್ಕಿಂತ ಈಗಲೇ ಗೊತ್ತಾಗುವುದು ಎಷ್ಟೋ ಮೇಲು.

ಕಾರ್ಡಿನ ಅಕ್ಷರ ಮಾಸಿದ್ದರೆ ಒಂದು ಸಂಗತಿ ನೆರವಾಗುತ್ತದೆ: ಕೀಗಳಲ್ಲಿ ಎಲ್ಲ ಅಕ್ಷರಗಳೂ ಬರುವುದಿಲ್ಲ. ಎ, ಇ, ಐ, ಒ, ಯು ಎಂಬ ಸ್ವರಗಳಿಲ್ಲ. ಎಲ್, ಎಸ್, ಝಡ್ ಇಲ್ಲ. 0, 1, 5 ಅಂಕಿಗಳೂ ಇಲ್ಲ. ಹಾಗಾಗಿ ಸೊನ್ನೆಯಂತೆ ಕಾಣುವುದು ಕ್ಯೂ ಅಥವಾ ಡಿ, ಐದರಂತೆ ಕಾಣುವುದು 6 ಅಥವಾ ಜಿ ಆಗಿರಬಹುದು. ನಿಜವಾಗಿ ಗೊಂದಲ ತರುವ ಜೋಡಿ 8 ಮತ್ತು ಬಿ, 6 ಮತ್ತು ಜಿ. ತಪ್ಪು ಕೀಗೆ ಬರುವ ಕೋಡ್ ಸಿ004ಎಫ್050. ಈ ಜೋಡಿಗಳನ್ನು ಅದಲುಬದಲು ಮಾಡಿ ಮತ್ತೆ ಪ್ರಯತ್ನಿಸಿ. ಕಾರ್ಡ್ ಮೇಲಿನ ಬೆಳ್ಳಿ ಪಟ್ಟಿಯನ್ನು ನಾಣ್ಯದಿಂದ ಒತ್ತಿ ಕೆರೆದರೆ ಅಡಿಯ ಮುದ್ರಣವೂ ಕಿತ್ತುಹೋಗುತ್ತದೆ. ಉಗುರಿನಿಂದ ಮೆಲ್ಲಗೆ ಉಜ್ಜಿದರೆ ಸಾಕು.

ಕಾರ್ಡೂ ಇಲ್ಲ, ಕೀ ಬಂದ ಇಮೇಲೂ ಇಲ್ಲ ಎಂದಾದರೆ ರಿಜಿಸ್ಟ್ರಿಯಲ್ಲಿ ಒಂದು ಕಡೆ ನೋಡಬಹುದು. ಎಚ್‌ಕೆಇವೈ_ಲೋಕಲ್_ಮಷಿನ್, ಸಾಫ್ಟ್‌ವೇರ್, ಮೈಕ್ರೋಸಾಫ್ಟ್, ವಿಂಡೋಸ್ ಎನ್‌ಟಿ, ಕರೆಂಟ್‌ವರ್ಷನ್, ಸಾಫ್ಟ್‌ವೇರ್‌ಪ್ರೊಟೆಕ್ಷನ್‌ಪ್ಲಾಟ್‌ಫಾರ್ಮ್ ಎಂಬ ದಾರಿಯಲ್ಲಿ ಹೋದರೆ ಬ್ಯಾಕಪ್‌ಪ್ರಾಡಕ್ಟ್‌ಕೀಡೀಫಾಲ್ಟ್ ಎಂಬ ಹೆಸರಿನ ಮುಂದೆ ಒಂದು ಕೀ ಇರುತ್ತದೆ. ಕೆಲವೊಮ್ಮೆ ಅದು ನಿಜವಾದ ಕೀ, ಹಲವು ಸಲ ಸಾಮಾನ್ಯ ಕೀ ಅಷ್ಟೇ. ಕೊನೆಯ ಐದು ಅಕ್ಷರ ನೋಡಿದರೆ ತಿಳಿಯುತ್ತದೆ.

ವಿಂಡೋಸ್ 7 ಅಥವಾ 8.1ರ ರೀಟೇಲ್ ಬಾಕ್ಸ್ ಇಟ್ಟುಕೊಂಡವರಿಗೆ ಒಂದು ಮಾತು. ಆ ಕೀಗಳಿಂದ ಹೊಸ ಯಂತ್ರದಲ್ಲಿ ವಿಂಡೋಸ್ 10 ಅಥವಾ 11 ಆಕ್ಟಿವೇಟ್ ಮಾಡುವ ದಾರಿಯನ್ನು ಮೈಕ್ರೋಸಾಫ್ಟ್ 2023ರ ಸೆಪ್ಟೆಂಬರ್‌ನಲ್ಲಿ ಮುಚ್ಚಿತು. ಉಚಿತ ಅಪ್‌ಗ್ರೇಡ್ ಘೋಷಿತವಾಗಿ 2016ರ ಜುಲೈ 29ಕ್ಕೇ ಮುಗಿದಿದ್ದರೂ ಏಳು ವರ್ಷ ಅದು ತೆರೆದೇ ಇತ್ತು. ಈಗ ಅಂಥವರಿಗೆ ಉಳಿದಿರುವ ದಾರಿ ಮುಂದೆ ಹೇಳುವ ಖಾತೆಯ ದಾರಿ ಮಾತ್ರ, ಅದೂ ಹಳೆಯ ಯಂತ್ರ ಆಗಲೇ 10 ಅಥವಾ 11ಕ್ಕೆ ಬಂದು ಆಕ್ಟಿವೇಟ್ ಆಗಿದ್ದರೆ.

ಹಳೆಯ ಯಂತ್ರದಿಂದ ಇಳಿಸುವುದು

ಸೆಟಿಂಗ್ಸ್‌ನಲ್ಲಿ ಆಕ್ಟಿವೇಷನ್ ಪುಟ ತೆರೆದು ಮೈಕ್ರೋಸಾಫ್ಟ್ ಖಾತೆಗೆ ಜೋಡಿಸಿ. ವಿಂಡೋಸ್ 10ರ 1607 ಆವೃತ್ತಿಯಿಂದ, ಅಂದರೆ 2016ರ ಆಗಸ್ಟ್‌ನಿಂದ ಈ ಸೌಲಭ್ಯ ಇದೆ. ಅಡ್ಮಿನಿಸ್ಟ್ರೇಟರ್ ಖಾತೆಯೇ ಆಗಿರಬೇಕು. ಜೋಡಿಸಿದ ಮೇಲೆ ಅದೇ ಪುಟದ ಸಾಲು ಬದಲಾಗಿ, ಡಿಜಿಟಲ್ ಲೈಸೆನ್ಸ್ ನಿಮ್ಮ ಮೈಕ್ರೋಸಾಫ್ಟ್ ಖಾತೆಗೆ ಜೋಡಣೆಯಾಗಿದೆ ಎಂಬರ್ಥದ ಮಾತು ಬರಬೇಕು. ಆ ಜೋಡಣೆಯ ಮಾತು ಬರದೆ ಬರೀ ಡಿಜಿಟಲ್ ಲೈಸೆನ್ಸ್ ಎಂದಿದ್ದರೆ ಕೆಲಸ ಆಗಿಲ್ಲ. ಪಿಸಿಗೆ ಗುರುತು ಸಿಗುವ ಹೆಸರನ್ನೂ ಇದೇ ಹೊತ್ತಿಗೆ ಕೊಡಿ. ವಿಂಡೋಸ್ ತಾನಾಗಿ ಇಡುವ ಡೆಸ್ಕ್‌ಟಾಪ್ ಎಂಬ ಪದದ ಮುಂದಿನ ಅಕ್ಷರಮಾಲೆ, ನಾಳೆ ಪಟ್ಟಿಯಲ್ಲಿ ನಾಲ್ಕು ಯಂತ್ರ ಕಂಡಾಗ ಯಾವುದು ಯಾವುದೆಂದು ಹೇಳುವುದಿಲ್ಲ.

ಡ್ರೈವ್‌ಗೆ ಬೀಗ ಹಾಕುವ (ಎನ್‌ಕ್ರಿಪ್ಟ್ ಮಾಡುವ) ಬಿಟ್‌ಲಾಕರ್ ಆನ್ ಇದೆಯೇ ನೋಡಿ. ಮ್ಯಾನೇಜ್-ಬಿಡಿಇ -ಸ್ಟೇಟಸ್ ಎಂಬ ಕಮಾಂಡ್ ಎಲ್ಲ ಡ್ರೈವ್‌ಗಳ ಸ್ಥಿತಿ ಹೇಳುತ್ತದೆ. ಎನ್‌ಕ್ರಿಪ್ಟ್ ಆಗಿದ್ದರೆ 48 ಅಂಕಿಯ ರಿಕವರಿ ಕೀಯನ್ನು ಕಾಗದದ ಮೇಲೆ ಬರೆದಿಡಿ, ಇಲ್ಲವೇ ಪೂರ್ತಿ ಡಿಕ್ರಿಪ್ಟ್ ಮಾಡಿ. ಹಳೆಯ ಎಸ್‌ಎಸ್‌ಡಿಯನ್ನು ಹೊಸ ಬೋರ್ಡಿಗೆ ಸಿಕ್ಕಿಸಿ ಫೈಲ್ ತೆಗೆದುಕೊಳ್ಳುತ್ತೇನೆ ಎಂದುಕೊಂಡವರಿಗೆ ಇದು ಮುಖ್ಯ. ಬೀಗದ ಗುಟ್ಟು ಹಳೆಯ ಬೋರ್ಡಿನ ಟಿಪಿಎಂ ಎಂಬ ಭದ್ರತಾ ಭಾಗದಲ್ಲಿದೆ, ಹೊಸ ಬೋರ್ಡ್ ಅದನ್ನು ಅರಿಯದು.

ಫೈಲ್‌ಗಳ ಬ್ಯಾಕಪ್ ಎಂದಿನಂತೆ. ಅದರ ಜತೆ ಲೈಸೆನ್ಸ್ ವಿವರವನ್ನೂ ಒಂದು ಪಠ್ಯ ಫೈಲಿಗೆ ಇಳಿಸಿಡಿ: ಸಿಎಸ್‌ಕ್ರಿಪ್ಟ್ ಎಸ್‌ಎಲ್‌ಎಂಜಿಆರ್.ವಿಬಿಎಸ್ /ಡಿಎಲ್‌ವಿ ಎಂದು ಬರೆದು, ಮುಂದೆ ದೊಡ್ಡದು ಎಂಬ ಚಿಹ್ನೆ ಹಾಕಿ ಪೆನ್‌ಡ್ರೈವ್‌ನಲ್ಲಿ ಒಂದು ಫೈಲ್ ಹೆಸರು ಕೊಡಿ. ಅಡ್ಮಿನಿಸ್ಟ್ರೇಟರ್ ಪ್ರಾಂಪ್ಟ್ ಸಿಸ್ಟಂ32 ಫೋಲ್ಡರ್‌ನಲ್ಲೇ ತೆರೆಯುವುದರಿಂದ ದಾರಿ ಹೇಳಬೇಕಿಲ್ಲ. ಎಡಿಷನ್, ಚಾನೆಲ್, ಕೊನೆಯ ಐದು ಅಕ್ಷರ, ಇನ್‌ಸ್ಟಲೇಷನ್ ಐಡಿ ಎಲ್ಲವೂ ಅದರಲ್ಲಿ ದಾಖಲಾಗುತ್ತದೆ. ಸಪೋರ್ಟ್‌ನವರ ಜತೆ ಮಾತಾಡುವ ಪ್ರಸಂಗ ಬಂದರೆ ಈ ಫೈಲೂ ಬಿಲ್ಲಿನ ಫೋಟೋವೂ ಕೈಯಲ್ಲಿರಬೇಕು.

ಕೊನೆಗೆ ಕೀ ತೆಗೆಯುವುದು. ಎಸ್‌ಎಲ್‌ಎಂಜಿಆರ್ /ಯುಪಿಕೆ ಕೀಯನ್ನು ವಿಂಡೋಸ್‌ನಿಂದ ಅಳಿಸುತ್ತದೆ. ಎಸ್‌ಎಲ್‌ಎಂಜಿಆರ್ /ಸಿಪಿಕೆವೈ ರಿಜಿಸ್ಟ್ರಿಯಲ್ಲಿ ಉಳಿದ ಗುರುತನ್ನೂ ಒರೆಸುತ್ತದೆ. /ಯುಪಿಕೆ ಕೊಟ್ಟರೆ ಮೈಕ್ರೋಸಾಫ್ಟ್ ಸರ್ವರ್‌ಗೆ ಸುದ್ದಿ ಹೋಗಿ ಕೀ ಬಿಡುಗಡೆಯಾಗುತ್ತದೆ ಎಂಬ ನಂಬಿಕೆ ಬಹಳ ಕಡೆ ಇದೆ. ಹಾಗೇನೂ ಆಗುವುದಿಲ್ಲ. ಇದು ಆ ಯಂತ್ರದೊಳಗೆ ಮಾತ್ರ ನಡೆಯುವ ಕೆಲಸ, ಸರ್ವರ್‌ನಲ್ಲಿ ಹಳೆಯ ಬೋರ್ಡಿನ ದಾಖಲೆ ಹಾಗೆಯೇ ಇರುತ್ತದೆ. ಆದರೂ ಮಾಡಲೇಬೇಕು: ಲೈಸೆನ್ಸ್ ಒಪ್ಪಂದ ಕೇಳುವುದು ಇದನ್ನೇ, ಫೋನ್ ಆಕ್ಟಿವೇಷನ್ ವೇಳೆ ಎಷ್ಟು ಕಂಪ್ಯೂಟರ್‌ನಲ್ಲಿ ಹಾಕಿದ್ದೀರಿ ಎಂಬ ಪ್ರಶ್ನೆಗೆ ಒಂದೇ ಎಂದು ಪ್ರಾಮಾಣಿಕವಾಗಿ ಹೇಳಲು ಸಾಧ್ಯವಾಗುವುದೂ ಇದರಿಂದಲೇ.

ಹೊಸ ಯಂತ್ರ

ಆಕ್ಟಿವೇಟ್ ಮಾಡುವ ಮೊದಲು ಹಾರ್ಡ್‌ವೇರ್ ಕೆಲಸ ಪೂರ್ತಿ ಮುಗಿದಿರಲಿ. ಬಯಾಸ್ ಅಪ್‌ಡೇಟ್ ಕೂಡ ಮೊದಲೇ ಆಗಲಿ. ಎಎಂಡಿ ಬೋರ್ಡ್‌ಗಳಲ್ಲಿ ಬಯಾಸ್ ಬದಲಿಸಿದರೆ ಎಫ್‌ಟಿಪಿಎಂ (ಪ್ರೊಸೆಸರ್‌ನೊಳಗಿನ ಟಿಪಿಎಂ) ಖಾಲಿಯಾಗುವುದುಂಟು, ಆಗ ಎನ್‌ಕ್ರಿಪ್ಟ್ ಆದ ಡ್ರೈವ್ ರಿಕವರಿ ಕೀ ಕೇಳುತ್ತದೆ. ಬಯಾಸ್‌ನಲ್ಲಿ ಸಿಎಸ್‌ಎಂ (ಹಳೆಯ ಬಗೆಯ ಬೂಟ್) ಆಫ್, ಎಫ್‌ಟಿಪಿಎಂ ಆನ್, ಸೆಕ್ಯೂರ್ ಬೂಟ್ ಆನ್. ಡ್ರೈವ್‌ನ ವಿಭಜನೆ ಜಿಪಿಟಿ ಕ್ರಮದಲ್ಲಿರಬೇಕು; ಹೊಸ ಎನ್‌ವಿಎಂಇಯನ್ನು ಯುಇಎಫ್‌ಐ (ಹೊಸ ಬಗೆಯ ಬಯಾಸ್) ಮೂಲಕ ಬೂಟ್ ಆದ ಸೆಟಪ್ ತಾನೇ ಹಾಗೆ ಮಾಡುತ್ತದೆ.

ಇನ್‌ಸ್ಟಾಲ್ ಪೆನ್‌ಡ್ರೈವ್ 8 ಜಿಬಿ ಅಥವಾ ಹೆಚ್ಚಿನದು. ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದರೆ ತೊಂದರೆ ಇಲ್ಲ. ಐಎಸ್‌ಒ ಇಳಿಸಿಕೊಂಡು ಫೈಲ್‌ಗಳನ್ನು ಕೈಯಾರೆ ಕಾಪಿ ಮಾಡುವವರಿಗೆ ಇನ್‌ಸ್ಟಾಲ್.ವಿಮ್ ಕೈಕೊಡುತ್ತದೆ: ಅದು 4 ಜಿಬಿಗಿಂತ ದೊಡ್ಡದು, ಫ್ಯಾಟ್32ಯಲ್ಲಿ ಕೂರುವುದಿಲ್ಲ. ಅಂಥವರು ಬೂಟ್ ಪೆನ್‌ಡ್ರೈವ್ ಮಾಡಿಕೊಡುವ ರೂಫಸ್ ತಂತ್ರಾಂಶ ಬಳಸಿ. ಬೋರ್ಡ್ ತಯಾರಕರ ಸೈಟ್‌ನಿಂದ ಲ್ಯಾನ್ ಡ್ರೈವರ್ ಕೂಡ ಅದೇ ಪೆನ್‌ಡ್ರೈವ್‌ನಲ್ಲಿ ಇರಲಿ. ಹೊಸ ಬೋರ್ಡ್‌ಗಳ 2.5 ಗಿಗಾಬಿಟ್ ಲ್ಯಾನ್ ಚಿಪ್‌ಗೆ ಸೆಟಪ್‌ನಲ್ಲಿ ಡ್ರೈವರ್ ಸಿಗದೆ ಇಂಟರ್ನೆಟ್ ಕೇಳುವ ಪರದೆಯಲ್ಲೇ ನಿಂತುಬಿಡುವುದು ಸಾಮಾನ್ಯ. ಡ್ರೈವರ್ ಮರೆತಿದ್ದರೆ ಆಂಡ್ರಾಯ್ಡ್ ಫೋನನ್ನು ಕೇಬಲ್‌ನಲ್ಲಿ ಸಿಕ್ಕಿಸಿ ಯುಎಸ್‌ಬಿ ಟೆದರಿಂಗ್ ಆನ್ ಮಾಡಿ, ಅದಕ್ಕೆ ಬೇರೆ ಡ್ರೈವರ್ ಬೇಡ.

ಸೆಟಪ್ ಕೀ ಕೇಳಿದಾಗ ಕೀ ಇಲ್ಲ ಎಂದು ಒತ್ತಿ, ಎಡಿಷನ್ ಪಟ್ಟಿಯಲ್ಲಿ ಪ್ರೊ ಆರಿಸಿ. ಎಡಿಷನ್ ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ. ನಮ್ಮಲ್ಲಿ ಮಾರಾಟವಾಗುವ ಲ್ಯಾಪ್‌ಟಾಪ್‌ಗಳಲ್ಲಿ ಬಹಳಷ್ಟು ಹೋಮ್ ಸಿಂಗಲ್ ಲ್ಯಾಂಗ್ವೇಜ್ ಎಡಿಷನ್‌ನವು. ಅದೂ ಹೋಮ್ ಎಡಿಷನ್ನೂ ಬೇರೆ ಬೇರೆ, ಒಂದರ ಕೀ ಇನ್ನೊಂದಕ್ಕೆ ನಡೆಯದು.

ಅಸೆಂಬಲ್ ಮಾಡಿದ ಬೋರ್ಡಿನಲ್ಲಿ ಎಂಎಸ್‌ಡಿಎಂ ಖಾಲಿ, ಹಾಗಾಗಿ ಪಟ್ಟಿ ಸರಿಯಾಗಿ ಬಂತು. ಹೊಸ ಯಂತ್ರ ಬ್ರ್ಯಾಂಡೆಡ್ ಆಗಿದ್ದು ಫರ್ಮ್‌ವೇರ್‌ನಲ್ಲಿ ಹೋಮ್ ಕೀ ಇದ್ದರೆ ಸೆಟಪ್ ಏನೂ ಕೇಳದೆ ಹೋಮ್ ಹಾಕಿಬಿಡುತ್ತದೆ. ಆಗ ಪೆನ್‌ಡ್ರೈವ್‌ನ ಸೋರ್ಸಸ್ ಫೋಲ್ಡರ್‌ನಲ್ಲಿ ಪಿಐಡಿ.ಟಿಎಕ್ಸ್‌ಟಿ ಎಂಬ ಫೈಲ್ ಮಾಡಿ, ಮೊದಲ ಸಾಲಿನಲ್ಲಿ ಚೌಕ ಆವರಣದೊಳಗೆ ಪಿಐಡಿ, ಎರಡನೇ ಸಾಲಿನಲ್ಲಿ ವ್ಯಾಲ್ಯೂ ಎಂದು ಬರೆದು ಸಮ ಚಿಹ್ನೆ ಹಾಕಿ ನಿಮ್ಮ ಪ್ರೊ ಕೀ ಕೊಡಿ. ಸೆಟಪ್ ಫರ್ಮ್‌ವೇರ್ ಕೀಗಿಂತ ಇದಕ್ಕೆ ಮೊದಲ ಮಣೆ ಹಾಕುತ್ತದೆ. ಕೆಲಸ ಮುಗಿದ ಕೂಡಲೇ ಆ ಫೈಲ್ ಅಳಿಸಿ. ಕೀ ಇರುವ ಪೆನ್‌ಡ್ರೈವ್ ನಾಲ್ಕು ಜನರ ಕೈ ಸೇರಬಾರದು.

ಆಕ್ಟಿವೇಷನ್: ನೇರ ದಾರಿ, ಫೋನ್ ದಾರಿ, ಖಾತೆಯ ದಾರಿ

ಮೊದಲು ಗಡಿಯಾರ ಸರಿಯಿದೆಯೇ ನೋಡಿ. ಹೊಸ ಬೋರ್ಡಿನ ದಿನಾಂಕ ಹಿಂದಿನ ಯಾವುದೋ ವರ್ಷದಲ್ಲಿದ್ದರೆ ಸರ್ವರ್ ಜತೆ ಸುರಕ್ಷಿತ ಸಂಪರ್ಕವೇ ಆಗದೆ ಅರ್ಥವಾಗದ ಕೋಡ್‌ಗಳು ಬರುತ್ತವೆ. ಸರಿಪಡಿಸಿ, ಎಸ್‌ಎಲ್‌ಎಂಜಿಆರ್ /ಐಪಿಕೆ ಮತ್ತು ಕಾರ್ಡಿನ ಕೀ, ಆಮೇಲೆ /ಎಟಿಒ. ಎಷ್ಟೋ ಸಲ ಇಲ್ಲಿಗೇ ಮುಗಿಯುತ್ತದೆ.

ಇಲ್ಲಿ ಮುಗಿಯಲಿಲ್ಲ. ಸಿ004ಸಿ008 ಬಂತು. ಈ ಕೀ ಬಳಸಬಹುದಾದ ಮಿತಿ ದಾಟಿದೆ ಎಂದು ಸರ್ವರ್ ಹೇಳುತ್ತಿದೆ. ಹಳೆಯ ಬೋರ್ಡಿನ ಮೇಲೆ ಅದೇ ಕೀಯ ದಾಖಲೆ ಇನ್ನೂ ಇರುವಾಗ ಇದು ಸಹಜ. ಕೀ ಕೆಟ್ಟಿದೆ ಎಂದಲ್ಲ. ಸಿ004ಸಿ003ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಮುಖ್ಯ: ಅದು ಬಂದರೆ ಮಾರಿದವರನ್ನು ಕೇಳಬೇಕು, ಇದು ಬಂದರೆ ಫೋನ್ ಎತ್ತಿಕೊಳ್ಳಬೇಕು.

ಎಸ್‌ಎಲ್‌ಯುಐ 4 ಎಂದು ಕೊಟ್ಟು ದೇಶ ಭಾರತ ಎಂದು ಆರಿಸಿದರೆ ಟೋಲ್‌ಫ್ರೀ ಸಂಖ್ಯೆಯೂ ಇನ್‌ಸ್ಟಲೇಷನ್ ಐಡಿಯೂ ಬರುತ್ತವೆ. ಕಿಟಕಿ ತೆರೆಯದಿದ್ದರೆ ಎಸ್‌ಎಲ್‌ಎಂಜಿಆರ್ /ಡಿಟಿಐ ಅದೇ ಐಡಿ ಕೊಡುತ್ತದೆ. ಅದು 63 ಅಂಕಿ, ಏಳೇಳರ ಒಂಬತ್ತು ಗುಂಪು. /ಡಿಟಿಐ ಗುಂಪು ಮಾಡದೆ ಒಂದೇ ಸಾಲಿನಲ್ಲಿ ತೋರಿಸುವುದರಿಂದ ನೋಟ್‌ಪ್ಯಾಡ್‌ಗೆ ಇಳಿಸಿ ಏಳಕ್ಕೊಂದು ಜಾಗ ಬಿಟ್ಟುಕೊಳ್ಳಿ. 2025ರ ಕೊನೆಯವರೆಗೆ ಯಂತ್ರದ ದನಿ ಒಂದೊಂದೇ ಗುಂಪು ಕೇಳುತ್ತಿತ್ತು. ಈಗ ಫೋನಿಗೆ ಲಿಂಕ್ ಕಳಿಸಿ ಬ್ರೌಸರ್‌ನಲ್ಲೇ ಇದೇ ಅಂಕಿಗಳನ್ನು ತುಂಬಿಸಿಕೊಳ್ಳುವ ಕ್ರಮ ಇದೆ. ಐಡಿ ಒಪ್ಪಿಗೆಯಾದರೆ 48 ಅಂಕಿಯ ಕನ್ಫರ್ಮೇಷನ್ ಐಡಿ ಸಿಗುತ್ತದೆ, ಆರಾರರ ಎಂಟು ಗುಂಪು, ಎಯಿಂದ ಎಚ್‌ವರೆಗಿನ ಖಾನೆಗಳಿಗೆ. ಕಿಟಕಿ ಇಲ್ಲದಿದ್ದರೆ ಎಸ್‌ಎಲ್‌ಎಂಜಿಆರ್ /ಎಟಿಪಿ ಎಂದು ಬರೆದು 48 ಅಂಕಿಯನ್ನೂ ಬಿಡುವಿಲ್ಲದೆ ಒಟ್ಟಿಗೆ ಕೊಡಿ. ಇನ್‌ಸ್ಟಲೇಷನ್ ಐಡಿ ಆ ಯಂತ್ರದ ಹಾರ್ಡ್‌ವೇರ್ ಮತ್ತು ಹಾಕಿರುವ ಕೀ ಎರಡರಿಂದಲೂ ಹುಟ್ಟುವುದರಿಂದ, ಫೋನ್ ನಡೆಯುತ್ತಿರುವಾಗ ಕೀ ಬದಲಿಸಬೇಡಿ. ಬದಲಿಸಿದರೆ ಸಿಕ್ಕ ಉತ್ತರ ಹೊಂದುವುದಿಲ್ಲ.

ಮೂರನೆಯದು ಖಾತೆಯ ದಾರಿ. ಕಾರ್ಡ್ ಕಳೆದವರಿಗೆ, ಸ್ಟೋರ್‌ನಲ್ಲಿ ಡಿಜಿಟಲ್ ಆಗಿ ಕೊಂಡವರಿಗೆ ಇದೇ ಗತಿ. ಹೊಸ ಯಂತ್ರದಲ್ಲಿ ಅದೇ ಮೈಕ್ರೋಸಾಫ್ಟ್ ಖಾತೆಯಿಂದ ಅಡ್ಮಿನಿಸ್ಟ್ರೇಟರ್ ಆಗಿ ಲಾಗಿನ್ ಆಗಿ, ಸೆಟಿಂಗ್ಸ್, ಸಿಸ್ಟಂ, ಆಕ್ಟಿವೇಷನ್ ಪುಟದಲ್ಲಿ ಟ್ರಬಲ್‌ಶೂಟ್ ಒತ್ತಿ. ಆಕ್ಟಿವೇಟ್ ಆಗದ ಯಂತ್ರದಲ್ಲಿ ಮಾತ್ರ ಆ ಬಟನ್ ಕಾಣುತ್ತದೆ. ಅದು ಸರಿಪಡಿಸಲಾಗಲಿಲ್ಲ ಎಂದ ಮೇಲೆ, ಇತ್ತೀಚೆಗೆ ಹಾರ್ಡ್‌ವೇರ್ ಬದಲಿಸಿದ್ದೇನೆ ಎಂಬ ಆಯ್ಕೆ ಬರುತ್ತದೆ. ಒತ್ತಿದರೆ ಖಾತೆಗೆ ಜೋಡಿಸಿದ ಯಂತ್ರಗಳ ಪಟ್ಟಿ. ಹಳೆಯದರ ಹೆಸರನ್ನು ಗುರುತು ಹಾಕಿ, ಈಗ ಬಳಸುತ್ತಿರುವ ಯಂತ್ರ ಇದೇ ಎಂದು ಒಪ್ಪಿಗೆ ಕೊಟ್ಟು ಆಕ್ಟಿವೇಟ್ ಒತ್ತಬೇಕು.

ಪಟ್ಟಿಯಲ್ಲಿ ಹೆಸರು ಇಲ್ಲದಿದ್ದರೆ, ಇದ್ದೂ ಆಗದಿದ್ದರೆ ಕಾರಣಗಳು ಕೆಲವೇ. ಎಡಿಷನ್ ಬೇರೆ, ಹಳೆಯ ಯಂತ್ರದಲ್ಲಿ ವಿಂಡೋಸ್ ಯಾವತ್ತೂ ಆಕ್ಟಿವೇಟ್ ಆಗಿರಲೇ ಇಲ್ಲ, ಆ ಲೈಸೆನ್ಸ್ ಎಷ್ಟು ಸಲ ಮರುಆಕ್ಟಿವೇಟ್ ಆಗಬಹುದೋ ಅಷ್ಟೂ ಆಗಿಹೋಗಿದೆ, ಮನೆಯ ಇನ್ನೊಬ್ಬ ಅಡ್ಮಿನಿಸ್ಟ್ರೇಟರ್ ತಮ್ಮ ಖಾತೆಯಿಂದ ಆಗಲೇ ಅದನ್ನು ಬಳಸಿದ್ದಾರೆ, ಯಂತ್ರ ಕಚೇರಿಯ ನಿರ್ವಹಣೆಯಲ್ಲಿದೆ, ಇಲ್ಲವೇ ಮೂಲ ಲೈಸೆನ್ಸೇ ಒಇಎಂ. ಸ್ಟೋರ್‌ನಲ್ಲಿ ಹೋಮ್‌ನಿಂದ ಪ್ರೊಗೆ ಅಪ್‌ಗ್ರೇಡ್ ಕೊಂಡವರು ಇನ್ನೊಂದು ನೋಡಬೇಕು: ಅಪ್‌ಗ್ರೇಡ್ ನಿಲ್ಲುವುದು ಹೋಮ್ ಲೈಸೆನ್ಸ್ ಮೇಲೆ. ಹೊಸ ಯಂತ್ರದಲ್ಲಿ ಮೊದಲು ಹೋಮ್ ಆಕ್ಟಿವೇಟ್ ಆಗಿರಬೇಕು.

ಬೇರೆ ಕೋಡ್‌ಗಳಲ್ಲಿ ಹೆಚ್ಚು ಕಾಣುವವು: ಸಿ004ಎಫ್213 ಬಂದರೆ ಈ ಹಾರ್ಡ್‌ವೇರ್‌ಗೆ ಕೀಯೂ ಇಲ್ಲ, ಡಿಜಿಟಲ್ ಲೈಸೆನ್ಸೂ ಇಲ್ಲ ಎಂದು, ಅಂದರೆ ಕೀ ಹಾಕುವುದೇ ಬಾಕಿ. 8007232ಬಿ ಅಥವಾ ಸಿ004ಎಫ್074 ಬಂದರೆ ಯಂತ್ರ ಕೆಎಂಎಸ್ ಸರ್ವರನ್ನು ಹುಡುಕುತ್ತಿದೆ. ವಾಲ್ಯೂಮ್ ಲೈಸೆನ್ಸ್‌ನ ಐಎಸ್‌ಒಯಿಂದ ಇನ್‌ಸ್ಟಾಲ್ ಮಾಡಿದ್ದೀರಿ. ರೀಟೇಲ್ ಕೀಯನ್ನು /ಐಪಿಕೆಯಿಂದ ಹಾಕಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ.

ಆಕ್ಟಿವೇಟ್ ಆದ ಮೇಲೆ /ಎಕ್ಸ್‌ಪಿಆರ್ ಒಮ್ಮೆ, /ಡಿಎಲ್‌ಐ ಒಮ್ಮೆ ಕೊಟ್ಟು ನೋಡಿ, ರೀಸ್ಟಾರ್ಟ್ ಮಾಡಿ ಮತ್ತೊಮ್ಮೆ ನೋಡಿ. ಹೊಸ ಯಂತ್ರವನ್ನೂ ಖಾತೆಗೆ ಜೋಡಿಸಿ. ಎಂಎಸ್ ಆಫೀಸ್ ಇದರಲ್ಲಿ ಸೇರಿಲ್ಲ, ಅದರ ಲೈಸೆನ್ಸ್ ಬೇರೆ, ದಾರಿಯೂ ಬೇರೆ.

ಲ್ಯಾಪ್‌ಟಾಪ್ ಬೋರ್ಡ್ ಸುಟ್ಟುಹೋದರೆ

ಒಇಎಂ ಲೈಸೆನ್ಸ್ ಇದ್ದವರಿಗೂ ಒಂದು ಹಕ್ಕಿದೆ. ಬೋರ್ಡ್ ಕೆಟ್ಟು ತಯಾರಕರ ಸರ್ವಿಸ್ ಸೆಂಟರ್ ಅದೇ ಮಾದರಿಯ ಬೋರ್ಡ್ ಹಾಕಿದರೆ ಲೈಸೆನ್ಸ್ ಮುಂದುವರಿಯಬೇಕು. ಅದಕ್ಕಾಗಿ ಅವರು ಹೊಸ ಬೋರ್ಡಿನ ಫರ್ಮ್‌ವೇರ್‌ಗೆ ಸೀರಿಯಲ್ ನಂಬರನ್ನೂ ವಿಂಡೋಸ್ ಕೀಯನ್ನೂ ಬರೆಯಬೇಕು. ಎರಡನೆಯದನ್ನು ಬಿಟ್ಟು ಕಳಿಸುವುದುಂಟು. ಹಾಗಾಗಿ ಲ್ಯಾಪ್‌ಟಾಪ್ ವಾಪಸ್ ಪಡೆಯುವಾಗ ಕೌಂಟರ್ ಮುಂದೆಯೇ ಪವರ್‌ಶೆಲ್ ತೆರೆದು, ಗೆಟ್-ಸಿಐಎಂಇನ್‌ಸ್ಟೆನ್ಸ್ ಎಂಬ ಕಮಾಂಡಿಗೆ ಸಾಫ್ಟ್‌ವೇರ್‌ಲೈಸೆನ್ಸಿಂಗ್‌ಸರ್ವಿಸ್ ಎಂಬ ಕ್ಲಾಸ್ ಕೊಟ್ಟು, ಒಎ3ಎಕ್ಸ್‌ಒರಿಜಿನಲ್‌ಪ್ರಾಡಕ್ಟ್‌ಕೀ ಎಂಬ ಗುಣವನ್ನು ಓದಿ. 25 ಅಕ್ಷರ ಬಂದರೆ ಕೀ ಇದೆ, ಖಾಲಿ ಬಂದರೆ ಬರೆದಿಲ್ಲ. ಅಲ್ಲೇ ಹೇಳಿ ಬರೆಸಿಕೊಳ್ಳಿ. ಹಳೆಯ ಬರಹಗಳಲ್ಲಿ ಇದೇ ಕೆಲಸಕ್ಕೆ ಡಬ್ಲ್ಯುಎಂಐಸಿ ಕಮಾಂಡ್ ಹೇಳಿರುತ್ತಾರೆ, ವಿಂಡೋಸ್ 11ರ ಹೊಸ ಆವೃತ್ತಿಗಳಲ್ಲಿ ಅದು ಇರುವುದಿಲ್ಲ. ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್ ಕೊಳ್ಳುವಾಗಲೂ ಇದೇ ಪರೀಕ್ಷೆ ಮಾಡಿ. ಹೊರಗಿನ ಅಂಗಡಿಯಲ್ಲಿ ಬೋರ್ಡ್ ಬದಲಾಗಿದ್ದರೆ ಹಲವು ಸಲ ಇಲ್ಲೇ ಸಿಕ್ಕಿಬೀಳುತ್ತದೆ.

ಹಳೆಯ ಡೆಸ್ಕ್‌ಟಾಪ್‌ನಲ್ಲಿ ಇನ್ನು ವಿಂಡೋಸ್ ಇಡಬಾರದು. ಸರ್ವರ್‌ನಲ್ಲಿ ಆ ಬೋರ್ಡಿನ ದಾಖಲೆ ಇರುವುದರಿಂದ, ಯಾರಾದರೂ ವಿಂಡೋಸ್ 10 ಪ್ರೊ ಮತ್ತೆ ಹಾಕಿ ಇಂಟರ್ನೆಟ್‌ಗೆ ಜೋಡಿಸಿದರೆ ಅದು ತಾನೇ ಆಕ್ಟಿವೇಟ್ ಆಗಬಹುದು. ಆಗ ಒಂದೇ ಲೈಸೆನ್ಸ್ ಎರಡು ಕಡೆ ಓಡಿದಂತೆ. ಡ್ರೈವ್ ಪೂರ್ತಿ ಅಳಿಸಿ ಲಿನಕ್ಸ್ ಹಾಕಿ ಕೊಡಿ, ಐ5-6500 ಮತ್ತು 8 ಜಿಬಿ ರ್‍ಯಾಮ್‌ಗೆ ಮಿಂಟ್ ಸಲೀಸಾಗಿ ಓಡುತ್ತದೆ. ಮೈಕ್ರೋಸಾಫ್ಟ್ ಖಾತೆಯ ಡಿವೈಸಸ್ ಪುಟದಿಂದ ಹಳೆಯ ಹೆಸರನ್ನು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ, ಹೊಸ ಯಂತ್ರ ಆಕ್ಟಿವೇಟ್ ಆಗಿ ಅದರ ಹೆಸರೂ ಆ ಪುಟದಲ್ಲಿ ಕಂಡ ಮೇಲೆ. ಮೊದಲೇ ತೆಗೆದರೆ ಟ್ರಬಲ್‌ಶೂಟರ್ ಪಟ್ಟಿಯಲ್ಲಿ ಆರಿಸಲು ಹಳೆಯ ಹೆಸರು ಸಿಗುವುದಿಲ್ಲ.